ರಾಜಕುಮಾರಿ ಏಳದ ಮಣೆ

"ಕೇಳ್ರಪ್ಪೋ ಕೇಳಿ! ದೊರೆಯ ಅಪ್ಪಣೆ ಏನಂದರೆ, ರಾಜಕುಮಾರಿಯ ಆಟದ ಮಣೆಯೊಳಗೆ ಸೇರಿಕೊಂಡಿರುವ ರಕ್ಕಸಿ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಒಡೆದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನು ಮಣೆಯ ಮೇಲಿನ ಕಲ್ಲಾಗುತ್ತಾನೆ. ಆಮೇಲೆ ಅರಮನೆಯನ್ನು ದೂರಬಾರದು!"

ಡಂಗುರದವನು ಹೀಗೆ ಸಾರುತ್ತ ಬೀದಿ ಬೀದಿ ಸುತ್ತಿದ. ಅಷ್ಟಾದರೂ ಮೀಸೆ ಹುರಿ ಮಾಡಿಕೊಂಡು ಬರುವ ಗಂಡುಗಳಿಗೇನೂ ಬರವಿರಲಿಲ್ಲ. ಬೇಡಿದ್ದು ಸಿಗುವುದಾದರೆ ರಾಜನ ಅಳಿಯ ಆಗುವುದು ಯಾರಿಗೆ ಬೇಡ?

ಮಣೆ ಎಲ್ಲಿಂದಲೋ ಬಂದ ಕಾಣಿಕೆ. ಅದರ ತುಂಬ ಬಣ್ಣದ ಕಲ್ಲುಗಳು. ಒಂದೇ ಬಣ್ಣದ ಮೂರು ಕಲ್ಲು ಸಾಲಾಗಿ ಸೇರಿದರೆ ಕಿಣಿ ಎಂದು ಸದ್ದಾಗಿ ಮಾಯ. ಆ ಜಾಗಕ್ಕೆ ಹೊಸ ಕಲ್ಲುಗಳು ಉರುಳಿ ಬರುತ್ತವೆ. ಆಟ ಇಷ್ಟೇ. ಹೊತ್ತು ಕಳೆಯಲೆಂದು ಕೂತ ರಾಜಕುಮಾರಿ ಇಂದುಮುಖಿ ಆಮೇಲೆ ಏಳಲೇ ಇಲ್ಲ. ಬಾಯಿಗೆ ತುತ್ತಿಟ್ಟರೆ ನುಂಗುತ್ತಿದ್ದಳು, ಕಣ್ಣು ಮಾತ್ರ ಎತ್ತುತ್ತಿರಲಿಲ್ಲ.

ಉಪ್ಪು ಮಾರುವ ಚೆಲುವ ಅಳಿಯನಾಗಲು ಬಂದವನಲ್ಲ. ಅವನ ಅಕ್ಕ ಸಿಂಗಾರಿ ರಾಜಕುಮಾರಿಯ ದಾಸಿ. ಒಡತಿಯನ್ನು ಎಬ್ಬಿಸಲು ಹೋಗಿ, ಒಗಟಿಗೆ ತಪ್ಪು ಉತ್ತರ ಕೊಟ್ಟು, ನೀಲಿ ಕಲ್ಲಾಗಿ ಕೂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಂದು ನೀಲಿ. ಮೂರನೆಯದು ಬಂದು ಸೇರಿದರೆ ಅಕ್ಕ ಇನ್ನಿಲ್ಲ. ಅವಳನ್ನು ಬಿಡಿಸಲೆಂದೇ ಅವನು ಬಂದಿದ್ದ.

ದೊರೆಯ ಸಭೆಯಲ್ಲಿ ಅವನ ಕಣ್ಣೆದುರೇ ಮಂತ್ರಿಯ ಮಗ ಮೊದಲ ಒಗಟಿಗೇ ಹಳದಿ ಕಲ್ಲಾದ. ಒಬ್ಬ ಪಾಳೆಗಾರ ಆಳಿಗೊಂದರಂತೆ ಬದಲಾಗುವ ಮೊದಲೆರಡನ್ನು ಒಡೆದು, ಎಲ್ಲರಿಗೂ ಒಂದೇ ಆದ ಮೂರನೆಯದಕ್ಕೆ "ಗೆದ್ದೆ ಅನ್ನೋ ಮಾತು!" ಎಂದು ಎದೆ ತಟ್ಟಿದ. ತಟ್ಟಿದ ಕೈ ಹಾಗೇ ಇರುವಾಗಲೇ ಆಳೆಲ್ಲ ಹಸಿರಾಗಿ, ಕುಗ್ಗಿ, ಕಲ್ಲಾಗಿ ಟಣ್ಣೆಂದು ಮಣೆಗೆ ಬಿದ್ದ. ರಾಜಕುಮಾರಿ ಆ ಕಲ್ಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಚೆಲುವನಿಗೆ ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಮೇಲಿನ ಸಾಲಿಗೆ ಒಂದು ನೀಲಿ ಕಲ್ಲು ಉರುಳಿ ಬಂತು.

"ನಾನು ಹೇಳ್ತೀನಿ," ಎಂದ. ಮುಂದೆ ಬಂದು ಮಣೆಯ ಎದುರು ನಿಂತ.

ಮಣೆಯೊಳಗಿನಿಂದ ರಕ್ಕಸಿ ನಕ್ಕಳು. "ನನ್ನ ಮನೆಗೆ ಕಾವಲಿಲ್ಲ, ಹೊಸಿಲಿಲ್ಲ. ತೊದಲುವ ಮಗುವೂ ಎಡವದೆ ಒಳಗೆ ಬರುತ್ತದೆ. ಅಂಥ ಬಾಗಿಲು ಯಾವುದು?"

ಚೆಲುವ ಮಣೆಯನ್ನೇ ನೋಡಿದ. ಅಲ್ಲೆರಡು ಕೆಂಪು, ಇಲ್ಲೊಂದು ಕೆಂಪು. ಇದನ್ನಿಷ್ಟು ಸರಿಸಿದರೆ ಆಯಿತಲ್ಲ! ಯಾರೂ ಹೇಳಿಕೊಡದೆ ಅವನ ಬೆರಳು ಆಗಲೇ ಮುಂದೆ ಹೋಗಿತ್ತು. ಬೆಚ್ಚಿಬಿದ್ದು ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಇದೇನು ಮಹಾ, ನನಗೂ ಬರುತ್ತೆ ಅನ್ನಿಸೋದು. ಅದೇ ಬಾಗಿಲು."

ರಕ್ಕಸಿ ಎರಡನೆಯದನ್ನು ಹಾಕಿದಳು: "ಹೊಟ್ಟೆ ತುಂಬಿದವನು ಎದ್ದು ಹೋಗುತ್ತಾನೆ. ಏನೂ ಸಿಗದವನು ಬೈದು ಹೋಗುತ್ತಾನೆ. ಯಾವ ತುತ್ತು ಬಡಿಸಿದರೆ ಯಾರೂ ಏಳುವುದಿಲ್ಲ?"

ರಾಜಕುಮಾರಿಯ ತುಟಿ ಅಲುಗುತ್ತಿತ್ತು. "ಇನ್ನೊಂದೇ ಒಂದು... ಛೇ, ಸ್ವಲ್ಪದರಲ್ಲಿ ತಪ್ಪಿತು..."

"ಸ್ವಲ್ಪದರಲ್ಲಿ ತಪ್ಪಿದ ತುತ್ತು," ಎಂದ ಚೆಲುವ. "ಬಾಯಿ ಹತ್ರ ಬಂದು ಜಾರಿ ಹೋದದ್ದು."

ರಕ್ಕಸಿಯ ನಗು ನಿಂತಿತು. ಉತ್ತರಕ್ಕೆ ಕಾಯದೆ ಅವಳು ಆಗಲೇ ಚೆಲುವನ ಪಾದವನ್ನು ಕಲ್ಲು ಮಾಡತೊಡಗಿದಳು. "ಒಂದೇ ಮಾತಿಗೆ ನನ್ನ ಪ್ರಾಣ ಹೋಗುತ್ತದೆ. ಆ ಮಾತು ಯಾವುದು?"

ನೀಲಿ ಕಲ್ಲು ಇನ್ನೊಂದು ಮನೆ ಕೆಳಗಿಳಿಯಿತು. ಚೆಲುವನ ತಲೆಯಲ್ಲಿ ಏನೂ ಉಳಿದಿರಲಿಲ್ಲ, ಅಕ್ಕನ ಮುಖವೊಂದೇ. ಮನೆಯಲ್ಲಿ ಒಗಟು ಹಾಕಿದಾಗಲೆಲ್ಲ ಅವಳದೇ ಗೆಲುವು. ಅವನು ಸೋತೆ ಎಂದು ಒಪ್ಪಿಕೊಂಡು, ಅವರೂರಿನ ವಾಡಿಕೆಯಂತೆ ಒಂದು ಊರಿನ ಹೆಸರು ಹೇಳಿ ಕೊಟ್ಟುಬಿಟ್ಟರೆ ಆಟ ಮುಗಿಯುತ್ತಿತ್ತು; ಇಬ್ಬರೂ ಎದ್ದು ಉಣ್ಣಲು ಹೋಗುತ್ತಿದ್ದರು.

"ಸೋತೆ ಅನ್ನೋ ಮಾತು," ಎಂದ. "ನಮ್ಮೂರಲ್ಲಿ ಅದನ್ನಂದು ಒಂದು ಊರು ಕೊಟ್ಟರೆ ಆಟ ಮುಗೀತು."

ಮಣೆ ಗಡಗಡ ನಡುಗಿತು. "ಸರಿಯೇ! ಆದರೆ ಅದನ್ನು ಈ ಆಟ ಆಡುತ್ತಿರುವವಳೇ ಹೇಳಬೇಕು. ಅಲ್ಲಿಯವರೆಗೆ ನೀನು ಒಗಟು ಒಡೆದಂತಲ್ಲ."

ಸಭೆಯವರೆಲ್ಲ ಆಡುತ್ತಿದ್ದವಳ ಕಡೆ ತಿರುಗಿದರು. ರಾಜಕುಮಾರಿಗೆ ಆ ಮಾತೇ ಬಾರದು. ಅರಮನೆಯಲ್ಲಿ ಅವಳ ಜತೆ ಆಡಿದವರೆಲ್ಲ ಬೇಕೆಂದೇ ಸೋತು, 'ನೀವೇ ಗೆದ್ದಿರಿ' ಎಂದವರು. ದೊರೆಯೂ ಗುಡುಗಿದ, "ನಮ್ಮ ವಂಶದಲ್ಲಿ ಆ ಮಾತಿಲ್ಲ!"

ಚೆಲುವನ ಮೊಣಕಾಲಿನವರೆಗೂ ಕಲ್ಲಾಗಿತ್ತು. ರಾಜಕುಮಾರಿಯ ಬೆರಳು ಮೂರನೆಯ ನೀಲಿಯ ಮೇಲಿತ್ತು. "ಬುದ್ಧೀ," ಎಂದು ಅಳುತ್ತಲೇ ಅರಚಿದ, "ಮಗಳು ಬೇಕೋ, ವಂಶ ಬೇಕೋ? ಅವರು ಯಾರ ಬಾಯಲ್ಲೂ ಕೇಳಿಲ್ಲ, ಎಲ್ಲಿಂದ ಕಲೀತಾರೆ? ನೀವೇ ಹೇಳಿ!"

ದೊರೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಸಿಂಹಾಸನದಿಂದಿಳಿದು ಮಗಳ ಪಕ್ಕ ನೆಲಕ್ಕೇ ಕೂತ.

"ಸೋತೆ ಕಣಮ್ಮ," ಎಂದ. "ನಿನ್ನನ್ನು ಎಬ್ಬಿಸೋಕೆ ನನ್ನ ಕೈಲಾಗಲಿಲ್ಲ. ನಾನು ಸೋತೆ."

ಬೆರಳು ನಿಂತಿತು. ರಾಜಕುಮಾರಿ ಮೆಲ್ಲಗೆ ಕಣ್ಣೆತ್ತಿದಳು. "ಏನಂದ್ರಿ, ಅಪ್ಪಾಜಿ?"

"ಸೋತೆ."

"ಸೋತೆ," ಎಂದು ಅವಳೂ ರುಚಿ ನೋಡುವವಳಂತೆ ಹೇಳಿದಳು. ಮಣೆ ಎರಡಾಗಿ ಸೀಳಿಹೋಗಿ ರಕ್ಕಸಿಯ ಪ್ರಾಣ ಹೋಯಿತು, ಚೆಲುವನ ಕಾಲಿಗೆ ಜೀವ ಬಂತು. ಕಲ್ಲುಗಳು ಉರುಳಿ ಮನುಷ್ಯರಾಗಿ ಎದ್ದು ಕೂತವು, ಪಾಳೆಗಾರ ಇನ್ನೂ ಎದೆಯ ಮೇಲೆ ಕೈಯಿಟ್ಟುಕೊಂಡೇ.

ದೊರೆ ಚೆಲುವನ ಕೈ ಹಿಡಿದು, "ನಿಮ್ಮೂರಲ್ಲಿ ಸೋತವನು ಊರು ಕೊಡಬೇಕಂತಲ್ಲ, ಯಾವುದು ಬೇಕೋ ಆರಿಸಿಕೋ," ಎಂದ. ಚೆಲುವ ಉಪ್ಪಿನ ಹಳ್ಳವಿರುವ ಊರೊಂದನ್ನು ಕೇಳಿಕೊಂಡು ಅಕ್ಕನನ್ನು ಕರೆದುಕೊಂಡು ಹೊರಟ.

ದಾರಿಯಲ್ಲಿ ಕೇಳಿದ: "ಅಲ್ಲಿದ್ದಾಗ ತುಂಬ ಭಯ ಆಯ್ತೇನಕ್ಕಾ?"

ಸಿಂಗಾರಿ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಭಯ ಆಗಿದ್ರೆ ಚೆನ್ನಾಗಿತ್ತು ಕಣೋ. ಆ ಮೂರನೇ ನೀಲಿ ಯಾವಾಗ ಬರುತ್ತೋ ಅಂತ ನಾನೂ ಕಾಯ್ತಿದ್ದೆ."

ಚೆಲುವ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಮನೆ ಸೇರುವ ತನಕ ಬಿಡಲಿಲ್ಲ.