ಕಂಬಳಿಯ ಸಡಿಲ ಎಳೆ

ಮಲಪ್ರಭೆಯ ದಂಡೆಯ ಆಶ್ರಮವೊಂದರಲ್ಲಿ ಅಡವಯ್ಯನವರೆಂಬ ಗುರುಗಳಿದ್ದರು. ಶಿಷ್ಯರೆಲ್ಲ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು. ವಯಸ್ಸು ಮಾಗಿದ ಮೇಲೆ ಅವರಿಗೆ ನೇಪಾಳದ ಮುಕ್ತಿನಾಥವನ್ನು ನೋಡಿಬರುವ ಮನಸ್ಸಾಯಿತು. ಜೊತೆಗೆ ಪಂಪಾಪತಿಯನ್ನು ಕರೆದುಕೊಂಡರು.

ಪಂಪಾಪತಿ ಗುಳೇದಗುಡ್ಡದ ಬಟ್ಟೆ ವ್ಯಾಪಾರಿಯ ಮಗ. ಅಂಗಡಿ ಬಿಟ್ಟು ಬಂದು ವರ್ಷಗಳಾಗಿದ್ದವು. ಅಂಗಡಿ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಆಶ್ರಮದ ಸಂತೆಯನ್ನೆಲ್ಲ ಅವನೇ ಮಾಡುತ್ತಿದ್ದ. ಅವನು ಚೌಕಾಸಿಗೆ ನಿಂತರೆ ವ್ಯಾಪಾರಿಗಳು ಬೆವರು ಒರೆಸಿಕೊಳ್ಳುತ್ತಿದ್ದರು.

ಗಡಿ ದಾಟಿ, ಬಸ್ಸು ಬದಲಿಸಿ, ಬೆಟ್ಟ ಹತ್ತಿ ಇಬ್ಬರೂ ಗಂಡಕಿ ನದಿಯ ಪಕ್ಕದ ಒಂದು ಸಣ್ಣ ಊರಿಗೆ ಬಂದರು. ಅಲ್ಲಿಂದ ಮುಂದೆ ಏರುದಾರಿ. ಮಧ್ಯಾಹ್ನವಾದರೆ ಗಾಳಿ ಕಲ್ಲನ್ನೇ ಎತ್ತಿ ಹೊಡೆಯುವ ಹಾಗೆ ಬೀಸುತ್ತಿತ್ತು.

“ಮ್ಯಾಲೆ ಥಂಡಿ ಭಾಳ ಅಂತ,” ಎಂದರು ಗುರುಗಳು. “ಒಂದು ಕಂಬಳಿ ತೊಗೊಳ್ಳೋಣು.”

ಊರಿನ ಒಂದೇ ಬೀದಿಯಲ್ಲಿ ಸಂತೆ. ಮೊದಲ ಅಂಗಡಿಯಲ್ಲಿ ಒಬ್ಬಾತ ಒಣಗಿಸಿದ ಸೇಬಿನ ಹೋಳುಗಳನ್ನು ಹರಡಿಕೊಂಡು ಕೂತಿದ್ದ. ಗುರುಗಳು ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಏನ್ ಸಿಹಿ ಐತೋ ಇದು! ಪಂಪಾಪತಿ, ಅವಗ ಹೇಳು. ಇಂಥಾದ್ದು ನಾ ತಿಂದೇ ಇಲ್ಲ ಅಂತ ಹೇಳು. ಆಮ್ಯಾಲೆ ಕೇಳು, ನಮ್ಮ ಹಂತ್ಯಾಕ ರೊಕ್ಕ ಕಡಿಮಿ ಐತಿ, ಸ್ವಲ್ಪ ಇಳಿಸ್ತೀಯೇನಪಾ ಅಂತ.”

ಪಂಪಾಪತಿ ಹಿಂದಿಯಲ್ಲಿ ಹೇಳಿದ. ವ್ಯಾಪಾರಿ ನಕ್ಕು, ಬೆಲೆಯನ್ನು ತುಸುವೇ ಇಳಿಸಿದ.

ದಾರಿಯಲ್ಲಿ ಪಂಪಾಪತಿ ಗೊಣಗಿದ. “ಅಜ್ಜಾರ, ಹಿಂಗ ಹೊಗಳಿದರ ಯಾರು ಇಳಿಸ್ತಾರ್ರಿ?”

“ಇಳಿಸಲಿಲ್ಲಂದರ ಇಲ್ಲ. ಸಿಹಿ ಇದ್ದದ್ದಂತೂ ಖರೆ.”

ಕಂಬಳಿಯನ್ನು ತಾನೊಬ್ಬನೇ ಹೋಗಿ ತರುತ್ತೇನೆಂದು ಪಂಪಾಪತಿ ಗುರುಗಳನ್ನು ತಾವು ಇಳಿದುಕೊಂಡಿದ್ದ ಛತ್ರದಲ್ಲಿ ಕೂರಿಸಿದ.

ಬೀದಿಯ ಕೊನೆಯಲ್ಲಿ ಒಬ್ಬ ಹೆಂಗಸು ಮಗ್ಗದ ಪಕ್ಕದಲ್ಲೇ ಕಂಬಳಿಗಳನ್ನು ಇಟ್ಟುಕೊಂಡು ಮಾರುತ್ತಿದ್ದಳು. ಹೆಸರು ಪೇಮಾ. ಅರವತ್ತರ ಹತ್ತಿರದ ವಯಸ್ಸು. ಯಾತ್ರಿಕರಿಂದ ಕಲಿತ ಮುರುಕು ಹಿಂದಿ ಅವಳಿಗೆ ಬರುತ್ತಿತ್ತು.

ಅವನು ಒಂದು ಕಂಬಳಿಯನ್ನು ಮುಟ್ಟಿದ. ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು. ಇಂಥ ಬಿಗಿಯಾದ, ಇಂಥ ಸಮನಾದ ನೇಯ್ಗೆ ಅವನ ಅಪ್ಪನ ಅಂಗಡಿಗೂ ಬಂದಿರಲಿಲ್ಲ. ಆದರೆ ಅವನು ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಅವಳು ಬೆಲೆ ಹೇಳಿದಳು. ಅವನು ನಕ್ಕ. ಎದ್ದು ಹೋದ, ಮತ್ತೆ ಬಂದ. ಅವಳು ಸ್ವಲ್ಪ ಇಳಿದಳು, ಆಮೇಲೆ ಗಟ್ಟಿಯಾಗಿ ನಿಂತಳು.

“ಇದನ್ನು ನೇಯುವುದಕ್ಕೆ ಒಂದು ಇಡೀ ಚಳಿಗಾಲ ಹಿಡಿದಿದೆ, ಮಗಾ,” ಎಂದಳು.

ಅವನು ಕಂಬಳಿಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿದ. “ನೇಯ್ಗೆ ಇಲ್ಲಿ ಸಡಿಲವಾಗಿದೆ, ತಾಯಿ. ಬೇಗ ಬಿಚ್ಚಿಕೊಳ್ಳುತ್ತದೆ.”

“ಎಲ್ಲಿ?”

“ಇಲ್ಲಿ. ಕಾಣುವುದಿಲ್ಲವೇ?”

ಅವಳು ಕಂಬಳಿಯನ್ನು ಕಣ್ಣಿನ ಹತ್ತಿರ ತಂದಳು. ಬೆಳಕಿಗೆ ತಿರುಗಿಸಿದಳು. ಮತ್ತೆ ಹತ್ತಿರ ತಂದಳು.

“ನಾನು ಬಟ್ಟೆಯವರ ಮನೆಯಲ್ಲಿ ಹುಟ್ಟಿದವನು,” ಎಂದ ಪಂಪಾಪತಿ. “ನನಗೆ ಕಾಣುತ್ತದೆ.”

ಪೇಮಾ ಕಣ್ಣುಜ್ಜಿಕೊಂಡಳು. ಅವನು ಅರ್ಧಕ್ಕಿಂತ ಕಡಿಮೆ ಹೇಳಿದ. ಅವಳು ಕಂಬಳಿ ಮಡಚಿ ಕೊಟ್ಟಳು.

ಅವನು ಛತ್ರಕ್ಕೆ ಹಾರುತ್ತಲೇ ಬಂದ.

“ಎಷ್ಟಕ್ಕ ಕೊಟ್ಟಳು?” ಎಂದು ಗುರುಗಳು ಕೇಳಿದರು.

“ಅರ್ಧಕ್ಕಿಂತ ಕಡಿಮಿರಿ ಅಜ್ಜಾರ! ಉಳಿದದ್ದು ಆಶ್ರಮದ ದಾಸೋಹಕ್ಕಾತು.”

“ಏನಂದಿ ಆಕಿಗೆ?”

“ನೇಯ್ಗಿ ಸಡಲ ಐತಿ ಅಂದೆ.”

“ಐತೇನು?”

“ಎಲ್ಲೀದ್ರಿ! ಬಂಗಾರದಂಥ ಕಂಬಳಿ. ವ್ಯಾಪಾರದಾಗ ಹಂಗ ಅಂತಾರ್ರಿ. ಅನ್ನಾವರಿಗೂ ಗೊತ್ತಿರತದ, ಕೇಳಾವರಿಗೂ ಗೊತ್ತಿರತದ.”

ಗುರುಗಳು ಕಂಬಳಿಯನ್ನು ಹೊದ್ದುಕೊಂಡರು.

ಮೇಲೆ ಹಿಮದ ಹತ್ತಿರ ನೀರು ಕಲ್ಲಾಗುವ ಚಳಿ. ಆ ಕಂಬಳಿಯೊಳಗೆ ಗುರುಗಳು ಮಗುವಿನ ಹಾಗೆ ಮಲಗಿದರು. ಒಂದು ಬೆಳಗ್ಗೆ ಪಂಪಾಪತಿ ನೋಡಿದರೆ, ಅವರು ಬಿಸಿಲಿಗೆ ಕೂತು ಕಂಬಳಿಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

“ಏನ್ ಮಾಡಾಕತ್ತೀರಿ ಅಜ್ಜಾರ?”

“ನೀ ಹೇಳಿದ ಸಡಲ ಹುಡುಕಾಕತ್ತೀನಿ. ಸಿಗವಲ್ದು.”

ಪಂಪಾಪತಿ ಗಟ್ಟಿಯಾಗಿ ನಕ್ಕ. ಗುರುಗಳು ನಗಲಿಲ್ಲ.

ದರ್ಶನ ಮುಗಿಸಿ ಇಳಿದು ಬರುವಾಗ ಅದೇ ಊರು ಸಿಕ್ಕಿತು. ನದಿಯಾಚೆಯ ದಾರಿಯಿಂದ ಜೀಪು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು.

“ಇನ್ನೊಂದು ಕಂಬಳಿ ತೊಗೊಳ್ಳೋಣೇನು?” ಎಂದರು ಗುರುಗಳು. “ಆಶ್ರಮದಾಗ ಮುದುಕರು ಅದಾರ. ಈ ಸಲ ನಾನೂ ಬರ್ತೀನಿ.”

ಬೀದಿಯ ಕೊನೆಯಲ್ಲಿ ಪೇಮಾ ಕೂತಿದ್ದಳು. ಅವಳ ಮುಂದೆ ಕಾರ್ಖಾನೆಯಿಂದ ಬಂದ ಕಂಬಳಿಗಳಿದ್ದವು. ಕೆಂಪು, ನೀಲಿ, ಮೇಲೆ ಹುಲಿಯ ಚಿತ್ರ. ಪಕ್ಕದಲ್ಲಿ ಮಗ್ಗವಿರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಒಂದು ಬುಟ್ಟಿ, ಬುಟ್ಟಿಯ ತುಂಬ ಉಣ್ಣೆಯ ದಾರದ ಉಂಡೆಗಳು. ಗುಂಗುರುಗುಂಗುರಾಗಿದ್ದ ಆ ದಾರವನ್ನು ನೋಡಿದರೆ ನೇಯ್ದದ್ದನ್ನು ಬಿಚ್ಚಿ ಸುತ್ತಿದ್ದೆಂದು ತಿಳಿಯುತ್ತಿತ್ತು.

ಅವಳು ಪಂಪಾಪತಿಯ ಗುರುತು ಹಿಡಿದಳು. ಎದ್ದು ಗುರುಗಳಿಗೆ ಕೈ ಮುಗಿದಳು.

“ನೀವೇ ನೇಯ್ದದ್ದು ಇನ್ನೊಂದು ಇದೆಯೇ, ತಾಯಿ?” ಎಂದು ಪಂಪಾಪತಿ ಕೇಳಿದ.

“ಈಗ ನೇಯುವುದಿಲ್ಲ.”

“ಯಾಕೆ?”

“ನೀನು ತೋರಿಸಿದೆಯಲ್ಲ ಮಗಾ, ಆ ಸಡಿಲ. ನನಗೆ ಅದು ಕಾಣಲೇ ಇಲ್ಲ. ನೀನು ಹೋದ ಮೇಲೆ ಉಳಿದ ಕಂಬಳಿಗಳನ್ನೆಲ್ಲ ಬಿಸಿಲಿಗೆ ಹಿಡಿದು ಹುಡುಕಿದೆ. ಒಂದರಲ್ಲೂ ಕಾಣಲಿಲ್ಲ. ಆಗ ತಿಳಿಯಿತು, ಕಣ್ಣು ಹೋಯಿತು ಅಂತ. ನಮ್ಮಮ್ಮನಿಗೂ ಹೀಗೇ ಆಗಿತ್ತು. ಕೊನೆಕೊನೆಗೆ ತಾನು ಏನು ನೇಯುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಜನ ನಗುತ್ತಿದ್ದರು.”

ಪಂಪಾಪತಿ ದಾರದ ಬುಟ್ಟಿಯ ಕಡೆ ನೋಡಿದ.

“ಮಗ್ಗದಲ್ಲಿದ್ದದ್ದನ್ನು ಬಿಚ್ಚಿಬಿಟ್ಟೆ. ಮಾರಲು ಇಟ್ಟಿದ್ದನ್ನೂ ಬಿಚ್ಚಿದೆ. ಚಳಿಗೆಂದು ತೆಗೆದುಕೊಂಡವರಿಗೆ ಮೋಸವಾಗಬಾರದಲ್ಲ.” ಅವಳು ಅವನ ಕೈ ಹಿಡಿದುಕೊಂಡಳು. “ನೀನು ಹೇಳಿದ್ದು ಒಳ್ಳೆಯದಾಯಿತು. ಇಷ್ಟು ದಿನ ಯಾರೂ ಹೇಳಿರಲಿಲ್ಲ. ನನ್ನ ಮುಖ ನೋಡಿ ಸುಮ್ಮನಿದ್ದರೇನೋ.”

ಅವನು ಅಲ್ಲೇ ನೆಲಕ್ಕೆ ಕೂತ.

“ತಾಯಿ, ಸಡಿಲ ಇರಲಿಲ್ಲ. ನಾನು ಸುಳ್ಳು ಹೇಳಿದೆ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಮತ್ತೊಮ್ಮೆ ಹೇಳಿದ. ಬೆಲೆ ಇಳಿಸುವುದಕ್ಕೆ ಹಾಗೆ ಹೇಳಿದೆ ಎಂದ. ನಿಮ್ಮ ಕಣ್ಣು ಚೆನ್ನಾಗಿಯೇ ಇದೆ ಎಂದ. ಇಂಥ ನೇಯ್ಗೆಯನ್ನು ನಾನು ಹುಟ್ಟಿದ ಮೇಲೆ ಮುಟ್ಟಿರಲಿಲ್ಲ ಎಂದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು.

ಪೇಮಾ ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ಸಿಟ್ಟಿನ ನಗೆಯಲ್ಲ ಅದು. ಅಳುವ ಮಗುವನ್ನು ಸಮಾಧಾನ ಮಾಡುವಾಗ ನಗುತ್ತಾರಲ್ಲ, ಹಾಗೆ.

“ನಿನ್ನದು ಒಳ್ಳೆಯ ಮನಸ್ಸು. ನನಗೆ ಬೇಜಾರಾಯಿತೆಂದು ಹೀಗೆ ಹೇಳುತ್ತೀಯ.”

“ಇಲ್ಲ ತಾಯಿ, ನಿಜ!”

“ದೇವರ ಯಾತ್ರೆಗೆ ಬಂದವನು ಯಾರಾದರೂ ಮುದುಕಿಯ ಹತ್ತಿರ ಸುಳ್ಳು ಹೇಳುತ್ತಾನೆಯೇ? ಅವತ್ತು ನೀನು ನಿಜವನ್ನೇ ಹೇಳಿದೆ. ಇವತ್ತು ಕನಿಕರಕ್ಕೆ ಹೇಳುತ್ತಿದ್ದೀಯ.”

ಅವನು ಗುರುಗಳ ಕಡೆ ತಿರುಗಿದ. “ಅಜ್ಜಾರ, ನೀವರ ಹೇಳ್ರಿ!”

ಗುರುಗಳು ಮೈಮೇಲಿನ ಕಂಬಳಿಯನ್ನು ತೆಗೆದು ಅವಳ ತೊಡೆಯ ಮೇಲೆ ಹರಡಿದರು. ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿದರು, “ಅಮ್ಮಾ, ನನ್ನ ಜನ್ಮದಲ್ಲಿ ಇಂಥದ್ದನ್ನು ಹೊದ್ದಿಲ್ಲ.”

ಅವಳು ತಲೆ ಬಾಗಿಸಿದಳು. “ಸ್ವಾಮಿಗಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.”

ಆದರೂ ಅವಳ ಬೆರಳು ಕಂಬಳಿಯ ಮೂಲೆಗೆ ಹೋಯಿತು. ಅವನು ಅಂದು ಹೆಬ್ಬೆರಳಿನಿಂದ ತಿಕ್ಕಿದ್ದ ಅದೇ ಮೂಲೆ. ಸ್ವಲ್ಪ ಹೊತ್ತು ಸವರಿ ನೋಡಿ, ಬೆರಳು ತೆಗೆದಳು. ಕಂಬಳಿಯನ್ನು ನೀಟಾಗಿ ಮಡಚಿ ಗುರುಗಳಿಗೆ ಹಿಂತಿರುಗಿಸಿದಳು.

ಪಂಪಾಪತಿ ಸೊಂಟದ ಚೀಲ ಬಿಚ್ಚಿ ಇದ್ದಬದ್ದ ಹಣವನ್ನು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ.

“ಬೇಡ. ಕಣ್ಣಿಲ್ಲದವಳು ನೇಯ್ದದ್ದಕ್ಕೆ ನೀನು ಕೊಟ್ಟದ್ದೇ ಸರಿಯಾದ ಬೆಲೆ.”

ಅಷ್ಟರಲ್ಲಿ ಬೇರೆ ಯಾತ್ರಿಕರು ಬಂದು ಹುಲಿಯ ಕಂಬಳಿಯ ಬೆಲೆ ಕೇಳಿದರು. ಅವಳು ಎದ್ದು ಆ ಕಡೆ ಹೋದಳು. ಒಬ್ಬಾತ ಏನೋ ಕೊಂಕು ತೆಗೆದ. ಅವಳು ವಾದ ಮಾಡಲಿಲ್ಲ. ಅವನು ಹೇಳಿದ ಬೆಲೆಗೇ ಕೊಟ್ಟು ಕಳಿಸಿದಳು.

ಪಂಪಾಪತಿ ಹಣವನ್ನು ಚೀಲಕ್ಕೆ ತುಂಬಿಕೊಂಡ.

ಇಬ್ಬರೂ ನದಿಯ ಕಡೆ ಇಳಿದರು. ಗಂಡಕಿ ಕಲ್ಲುಗಳ ನಡುವೆ ಕಪ್ಪಾಗಿ ಹರಿಯುತ್ತಿತ್ತು. ತೂಗುಸೇತುವೆಯ ಬುಡದಲ್ಲಿ ಪಂಪಾಪತಿ ನಿಂತುಬಿಟ್ಟ.

“ಅಜ್ಜಾರ, ಚೌಕಾಸಿ ಮಾಡೂದೇ ತಪ್ಪೇನ್ರಿ?”

“ಯಾಕ ತಪ್ಪು? ನಾನೂ ಮಾಡ್ತೀನಲ್ಲ.”

“ಮತ್ತ ನಾ ಎಲ್ಲಿ ತಪ್ಪಿದೆ?”

“ನೀ ಬೆಲಿ ಇಳಸಾಕ ಹೋದಿ. ಇಳಿದದ್ದು ಆಕಿ.”

ಪಂಪಾಪತಿ ಕಣ್ಣೊರೆಸಿಕೊಂಡ. “ನಾ ಇಲ್ಲೇ ಉಳೀತೀನ್ರಿ. ಆಕಿ ನಂಬೂತನಕ ದಿನಾ ಹೋಗಿ ಹೇಳ್ತೀನಿ.”

“ಹೋಗು ಹಂಗಾರ. ನಾ ಕಾಯ್ತೀನಿ.”

ಅವನು ಅರ್ಧ ದಾರಿ ಏರಿದ. ಅಲ್ಲಿಂದ ಬೀದಿಯ ಕೊನೆ ಕಾಣುತ್ತಿತ್ತು. ಪೇಮಾ ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಹತ್ತಿರ ತರುತ್ತ, ದೂರ ಒಯ್ಯುತ್ತ, ಅದನ್ನೇ ನೋಡುತ್ತಿದ್ದಳು. ತಾನು ಎದುರಿಗೆ ಹೋದಷ್ಟೂ ಅವಳಿಗೆ ಕನಿಕರವೇ ಕಾಣುತ್ತದೆ, ನೇಯ್ಗೆ ಕಾಣುವುದಿಲ್ಲ ಎಂದು ಅವನಿಗೆ ಅಲ್ಲಿ ನಿಂತಾಗ ತಿಳಿಯಿತು. ಅವನು ಕೂಗಲಿಲ್ಲ. ಹಾಗೇ ಇಳಿದು ಬಂದ.

ಇಬ್ಬರೂ ಸೇತುವೆಯ ಮೇಲೆ ಕಾಲಿಟ್ಟರು. ಗಾಳಿ ಏಳುತ್ತಿತ್ತು. ಸೇತುವೆಯ ನಡುವೆ ಪಂಪಾಪತಿ ಮತ್ತೆ ನಿಂತ.

“ಅಜ್ಜಾರ, ಆಕಿ ಮತ್ತ ಮಗ್ಗಕ್ಕ ಕುಂದರತಾಳೇನ್ರಿ?”

ಗುರುಗಳು ಹಿಂದಕ್ಕೆ ತಿರುಗಿ ಊರಿನ ಕಡೆ ನೋಡಿದರು. ಆಮೇಲೆ ಶಿಷ್ಯನ ಮುಖ ನೋಡಿದರು.

“ನನಗ ಗೊತ್ತಿಲ್ಲಪಾ. ನಿನಗೂ ಗೊತ್ತಾಗೂದಿಲ್ಲ. ನಡಿ, ಹೊತ್ತಾತು.”