ಹಳೆ ಸಿಡಿಯೂ ಹೊಸ ಪ್ರೊಸೆಸರೂ

ಒಂದು ಅಚ್ಚುಕೂಟದಲ್ಲಿ ಲಗ್ನಪತ್ರಿಕೆ ಜೋಡಿಸುವ ತಂತ್ರಾಂಶದ ಹಳೆ ಸಿಡಿಯೊಂದಿತ್ತು. ಹಳೆ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ, ಸಿಡಿ ಒಳಗೆ ಹೋಗಿ ಅಲ್ಲಿನ ಪ್ರೊಸೆಸರನ್ನು ಕೇಳಿತು: "ಇಲ್ಲಿ ದುಡಿಯುವವರು ಎಷ್ಟು ಮಂದಿ?"

"ಒಂದೇ ಮೈಯೊಳಗೆ ಲೆಕ್ಕ ಮಾಡುವ ಹನ್ನೆರಡು ಕೋರುಗಳಿದ್ದೇವೆ ಸ್ವಾಮಿ, ಎಲ್ಲರೂ ಒಟ್ಟಿಗೇ ದುಡಿಯುತ್ತೇವೆ."

"ನನ್ನ ಕಾಲದಲ್ಲಿ ಒಬ್ಬನೇ ಇರುತ್ತಿದ್ದ; ನನ್ನ ಅರ್ಜಿಯಲ್ಲಿ ಹೆಸರಿಗಿರುವುದು ಒಂದೇ ಸಾಲು. ಹನ್ನೆರಡು ಹೆಸರು ಎಲ್ಲಿ ಬರೆಯಲಿ? ನೀನು ನಾಲಾಯಕ್ಕು!" ಎಂದು ಸಿಡಿ ಹೊರಬಂತು.

"ಕೈ ಹೆಚ್ಚಿರುವುದೂ ತಪ್ಪೇ?" ಎಂದು ಪ್ರೊಸೆಸರ್ ಉರಿದುಬಿತ್ತು.

ಮೂರು ಸಲ ಹಾಕಿದರೂ ಅದೇ ಜಗಳ. ಮದುವೆಯವರು ಬಾಗಿಲಲ್ಲೇ ಕೂತಿದ್ದರು. ಕಂಪ್ಯೂಟರ್ ನಡೆಸುವ ದಾಕ್ಷಾಯಿಣಿ ಹಣೆ ಚಚ್ಚಿಕೊಂಡಳು. "ಈ ಸಿಡಿಗೆ ಬುದ್ಧಿ ಹೇಳಿ ಸಾಕಾಯ್ತು. ನಿಮ್ಮಲ್ಲೇ ಹನ್ನೊಂದು ಮಂದಿ ಸ್ವಲ್ಪ ಹೊತ್ತು ಮಲಗಿಕೊಳ್ಳಿ" ಎಂದು ಒಂದು ಕೋರನ್ನು ಬಿಟ್ಟು ಉಳಿದವನ್ನೆಲ್ಲ ಬಂದ್ ಮಾಡಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದಳು.

ಸಿಡಿ ಮತ್ತೆ ಒಳಗೆ ಹೋಗಿ ಕೇಳಿತು: "ಎಷ್ಟು ಮಂದಿ?"

"ಒಬ್ಬನೇ" ಎಂದಿತು ಪ್ರೊಸೆಸರ್, ಹಲ್ಲು ಕಚ್ಚಿಕೊಂಡು.

ಸಿಡಿ ಹಿಗ್ಗಿ, ಹೆಸರು ಬರೆದುಕೊಂಡು, ತಂತ್ರಾಂಶ ಇಳಿಸಿ ಹೊರಬಂತು. ದಾಕ್ಷಾಯಿಣಿ ಹನ್ನೊಂದನ್ನೂ ಎಬ್ಬಿಸಿದಳು. ಪತ್ರಿಕೆ ಚಿಟಿಕೆ ಹೊಡೆಯುವುದರಲ್ಲಿ ಸಿದ್ಧವಾಯಿತು.

ಡಬ್ಬಿ ಸೇರುತ್ತಾ ಸಿಡಿ ಹೇಳಿತು: "ನೋಡಿದೆಯಾ ತಾಯಿ, ನೀನು ಆ ನಾಲಾಯಕ್ಕನ್ನು ತೆಗೆದು ಯೋಗ್ಯನನ್ನು ತಂದಿದ್ದೇ ತಡ, ಕೆಲಸವಾಯಿತು. ನಾನು ಮೊದಲೇ ಹೇಳಲಿಲ್ಲವೇ?"

ದಾಕ್ಷಾಯಿಣಿ ಏನೋ ಹೇಳಲು ಬಾಯಿ ತೆರೆದಳು. ಆದರೆ ಮುಂದಿನ ಕೋಣೆಯ ಕಂಪ್ಯೂಟರಿಗೂ ಇದನ್ನೇ ಹಾಕಬೇಕೆಂಬುದು ನೆನಪಾಗಿ, "ಹೌದಪ್ಪಾ, ನೀನು ಹೇಳಿದ್ದೇ ಸರಿ" ಎಂದು ಮುಚ್ಚಳ ಒತ್ತಿದಳು.