ಕಥೆಗೊಂದು ಹೂಂ

ಪರಮಪೂಜ್ಯ ಅಡಿವೆಪ್ಪಜ್ಜನವರು ಹೊಳೆದಂಡೆಯ ಮಠದ ಜಗಲಿಯಲ್ಲಿ ಭಕ್ತರೊಡನೆ ಕುಳಿತು, ದಾಸೋಹಕ್ಕೆ ಶೇಂಗಾ ಸುಲಿಯುತ್ತ ದಿನವೂ ಕಥೆ ಹೇಳುತ್ತಿದ್ದರು. ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಪೂಜ್ಯರ ಹೆಸರಿನಲ್ಲಿ ಪವಾಡಗಳನ್ನು ಹಂಚುವವರು ಈ ಪ್ರಸಂಗವನ್ನು ಹೇಳುವುದಿಲ್ಲ. ಇದರಲ್ಲಿ ಪವಾಡವಿಲ್ಲ.

ಊರಿನ ಪಾಠಶಾಲೆಯಲ್ಲಿ ತರ್ಕ ಕಲಿಸುತ್ತಿದ್ದ ರುದ್ರಮುನಿ ಶಾಸ್ತ್ರಿಗಳ ಒಬ್ಬಳೇ ಮಗಳು ಜ್ವರದಿಂದ ತೀರಿಕೊಂಡಿದ್ದಳು. ಅಂದಿನಿಂದ ಪತ್ನಿ ಶಿವಗಂಗವ್ವನವರು ಮಾತು ಬಿಟ್ಟಿದ್ದರು. ಶಾಸ್ತ್ರಿಗಳು ಆತ್ಮದ ನಿತ್ಯತ್ವವನ್ನು ಪ್ರಮಾಣಸಹಿತ ನಿರೂಪಿಸಿದರು. ಆಕೆ ಗೋಡೆಯ ಕಡೆ ಹೊರಳಿದರು. ನೆರೆಯವರು ಮಠಕ್ಕೆ ಕರೆತಂದಾಗ, ಗೂಡನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಹೊರಟ ಹಕ್ಕಿಯ ಕಥೆಗೆ ಆಕೆ ಮೆಲ್ಲನೆ ಹೂಂ ಎಂದರು.

ಸುದ್ದಿ ತಿಳಿದ ಶಾಸ್ತ್ರಿಗಳಿಗೆ ಸಂತೋಷವಾಗಲಿಲ್ಲ. ಸುಳ್ಳಿಗೆ ಹೂಂ ಎಂದ ಹೆಂಡತಿಯ ಬುದ್ಧಿಯೂ ಕೆಡುತ್ತಿದೆಯೆಂದು ತೀರ್ಮಾನಿಸಿ, ಮರುದಿನ ಮತ್ತೆ ಮಠಕ್ಕೆ ಹೋಗಿದ್ದ ಆಕೆಯನ್ನು ಕರೆದೊಯ್ಯಲು ಬಂದರು. ಕಥೆಯಲ್ಲಿ ಆಗ ಹೊಳೆಯು ಹಕ್ಕಿಯನ್ನು ತಡೆದು, ಗೂಡಿನಲ್ಲೇನಿದೆ ಎಂದು ಕೇಳುತ್ತಿತ್ತು.

“ಈ ಹಕ್ಕಿ ಯಾವ ಭಾಷೆಯೊಳಗ ಮಾತಾಡ್ತದ, ಅಜ್ಜಾರ? ಸಂಸ್ಕೃತದಾಗೋ?” ಎಂದರು ಶಾಸ್ತ್ರಿಗಳು.

“ನಮ್ಮ ಹೊಳಿಗೆ ಸಂಸ್ಕೃತ ತಿಳಿಯಂಗಿಲ್ಲ, ಶಾಸ್ತ್ರಿಗಳ.”

ಜಗಲಿಯಲ್ಲಿದ್ದವರು ನಕ್ಕರು. ಶಾಸ್ತ್ರಿಗಳು ನಗಲಿಲ್ಲ. ಕಥೆ ಸುಳ್ಳೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕೆಂದು ಪಟ್ಟು ಹಿಡಿದರು. ಪೂಜ್ಯರು ತಡಮಾಡದೆ ಒಪ್ಪಿದರು: ಅಂಥ ಹಕ್ಕಿ ಎಲ್ಲಿಯೂ ಇಲ್ಲ, ತಾವೇ ಕಟ್ಟಿದ್ದು. ಶಾಸ್ತ್ರಿಗಳು ಪತ್ನಿಯತ್ತ ತಿರುಗಿ, ಇಂಥದ್ದಕ್ಕೆ ನೀನು ಹೂಂ ಎಂದೆಯಲ್ಲ ಎಂದು ಆಕ್ಷೇಪಿಸಿದರು.

“ಹೂಂ ಅಂದ್ರ ಖರೇ ಅಂತಲ್ಲ, ಶಾಸ್ತ್ರಿಗಳ,” ಎಂದರು ಪೂಜ್ಯರು. “ಇಲ್ಲೇ ಅದೀನಿ, ಮುಂದ ಹೇಳು ಅಂತ.”

ಆಗ ಶಿವಗಂಗವ್ವನವರು ಬಾಯಿ ತೆರೆದರು.

“ಹಕ್ಕಿ ಏನಂತು?”

ಆಕೆ ನೋಡುತ್ತಿದ್ದುದು ಗಂಡನ ಮುಖವನ್ನು. ಪೂಜ್ಯರು ಶೇಂಗಾ ಬುಟ್ಟಿಯತ್ತ ತಲೆ ತಗ್ಗಿಸಿದರು. ಉತ್ತರವನ್ನು ಶಾಸ್ತ್ರಿಗಳಿಗೇ ಬಿಟ್ಟರು.

ಪ್ರಮಾಣವಿಲ್ಲದ ಮಾತನ್ನು ಎಂದೂ ಆಡದ ಶಾಸ್ತ್ರಿಗಳು ಪತ್ನಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

“ಗೂಡಿನಾಗ ಏನೂ ಇಲ್ಲ ಅಂತು,” ಎಂದರು. “ಆದ್ರೂ ಭಾಳ ಭಾರ ಅದ ಅಂತು.”

“ಹೂಂ,” ಎಂದರು ಶಿವಗಂಗವ್ವನವರು.

ಹಕ್ಕಿಯನ್ನು ಆಚೆ ದಡ ಮುಟ್ಟಿಸುವವರೆಗೆ ಶಾಸ್ತ್ರಿಗಳು ಅಂದು ಜಗಲಿಯಿಂದ ಏಳಲಿಲ್ಲ.